ಓದಿದ್ದು ತಲೆಯಲ್ಲಿ ಉಳಿಯಬೇಕಾದರೆ: ನೆನಪು ಕೂರುವ ಬಗೆ, ಜಾರುವ ಬಗೆ, ಅದಕ್ಕೆ ತಕ್ಕ ಓದು

ಕೊಪ್ಪಳ, ರಾಯಚೂರು, ಬಳ್ಳಾರಿ, ಯಾವ ಊರಿನ ಗ್ರಂಥಾಲಯಕ್ಕೆ ಹೋದರೂ ಬೆಳಗ್ಗೆಯೇ ಕುರ್ಚಿ ಹಿಡಿದು ಕೂತ ಹುಡುಗ ಹುಡುಗಿಯರು ಕಾಣುತ್ತಾರೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಒಬ್ಬೊಬ್ಬರದು ಒಂದೊಂದು ಸರ್ಕಾರಿ ನೌಕರಿಯ ಪರೀಕ್ಷೆ. ಪುಸ್ತಕ ತೆರೆದರೆ ಪುಟದ ತುಂಬ ಬಣ್ಣಬಣ್ಣದ ಗೆರೆ. ಯಾರೂ ಸೋಮಾರಿಗಳಲ್ಲ. ಆದರೂ ಚಹಾಕ್ಕೆ ಹೊರಗೆ ಬಂದಾಗ ಕೇಳುವ ಮಾತು ಒಂದೇ: "ಅಣ್ಣಾ, ಎಷ್ಟ್ ಓದಿದ್ರೂ ತಲ್ಯಾಗ ಉಳೀವಲ್ದು."

ನನಗೆ ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಬಹಳ ಮಂದಿ ತಲೆಗೆ ತುಂಬುವ ಕೆಲಸವನ್ನು ದಿನವಿಡೀ ಮಾಡುತ್ತಾರೆ. ತಲೆಯಿಂದ ಹೊರಗೆ ತೆಗೆಯುವ ಕೆಲಸ ಮಾತ್ರ ಪರೀಕ್ಷೆಯ ದಿನವೇ ಮೊದಲು. ಎಡವಟ್ಟಾಗುವುದು ಅಲ್ಲಿ. ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ತಿಳಿದರೆ ಇದು ತಾನಾಗಿ ಅರ್ಥವಾಗುತ್ತದೆ. ಅದಕ್ಕೇ ಮೊದಲು ಒಳಗಿನ ಕಥೆ, ಆಮೇಲೆ ಹಂತಗಳು. ಉದಾಹರಣೆಗೆ ನಮ್ಮ ಕಡೆಯ ವಿಷಯವನ್ನೇ ಹಿಡಿಯೋಣ: ಅಶೋಕನ ಶಾಸನಗಳು.

ತಲೆಯೊಳಗೆ ನಡೆಯುವುದೇನು?

ಕಣ್ಣಿಗೆ ಬಿದ್ದದ್ದೆಲ್ಲ ಒಂದು ಕ್ಷಣ ತಲೆಯಲ್ಲಿ ಇರುತ್ತದೆ. ನಿಜವಾಗಿಯೂ ಒಂದು ಕ್ಷಣ ಮಾತ್ರ. 1960ರಲ್ಲಿ ಅಮೆರಿಕದ ಜಾರ್ಜ್ ಸ್ಪರ್ಲಿಂಗ್ ಮೂರು ಸಾಲುಗಳಲ್ಲಿ 12 ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರು. ಎಲ್ಲ ಹೇಳಿ ಅಂದರೆ ಜನ ನಾಲ್ಕೈದು ಹೇಳಿ ನಿಲ್ಲುತ್ತಿದ್ದರು. ಆದರೆ ಅಕ್ಷರ ಮಾಯವಾದ ಕೂಡಲೇ ಒಂದು ಶಬ್ದ ಮಾಡಿ "ಈ ಸಾಲು ಮಾತ್ರ ಹೇಳಿ" ಎಂದು ಸೂಚಿಸಿದರೆ, ಯಾವ ಸಾಲು ಕೇಳಿದರೂ ನಾಲ್ಕರಲ್ಲಿ ಮೂರು ಸರಿಯಾಗಿ ಬರುತ್ತಿತ್ತು. ಅಂದರೆ ಬಹುತೇಕ ಎಲ್ಲವೂ ಒಳಗೆ ಬಂದಿತ್ತು. ಹೇಳಿ ಮುಗಿಸುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಗಮನ ಕೊಟ್ಟದ್ದಷ್ಟೇ ಮುಂದಿನ ಹಂತಕ್ಕೆ ಹೋಗುತ್ತದೆ.

ಮುಂದಿನದು ಅಲ್ಪಾವಧಿ ನೆನಪು. ಇದರಲ್ಲಿ ಜಾಗ ಬಹಳ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಏಳು, ಅದಕ್ಕೆ ಎರಡು ಹೆಚ್ಚು ಕಡಿಮೆ ಅಂದರು. 2001ರಲ್ಲಿ ನೆಲ್ಸನ್ ಕೋವನ್ ನಾಲ್ಕರ ಆಸುಪಾಸು ಅಂದರು. ಒಟಿಪಿ ನೋಡಿ ಬೆರಳಿನಿಂದ ಒತ್ತುವಾಗ ಯಾರಾದರೂ ಮಾತಾಡಿಸಿದರೆ ಏನಾಗುತ್ತದೆ, ಗೊತ್ತಲ್ವಾ? 1959ರಲ್ಲಿ ಲಾಯ್ಡ್ ಮತ್ತು ಮಾರ್ಗರೆಟ್ ಪೀಟರ್ಸನ್ ದಂಪತಿ ಇದನ್ನೇ ಅಳೆದರು. ಮೂರು ಅಕ್ಷರ ಕೊಟ್ಟು, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಎಣಿಸಲು ಹೇಳಿದರು. 18 ಸೆಕೆಂಡ್ ಆಗುವಷ್ಟರಲ್ಲಿ ಆ ಮೂರು ಅಕ್ಷರಗಳೇ ಹೆಚ್ಚಿನ ಸಲ ಮರೆತುಹೋಗಿದ್ದವು.

ಹಾಗಾದರೆ ದೊಡ್ಡ ವಿಷಯ ಒಳಗೆ ಹೋಗುವುದು ಹೇಗೆ? ಗಂಟು ಕಟ್ಟಿ. 15201565 ಅನ್ನುವ ಸಂಖ್ಯೆ ನೋಡಿ. ಏನೂ ಗೊತ್ತಿಲ್ಲದವರಿಗೆ ಎಂಟು ಅಂಕಿ. ಇತಿಹಾಸ ಓದಿದವರಿಗೆ ಎರಡೇ ವಿಷಯ: 1520ರ ರಾಯಚೂರು ಕದನ, 1565ರ ತಾಳೀಕೋಟೆ ಕದನ. ಮೊದಲೇ ಗೊತ್ತಿರುವುದು ಜಾಸ್ತಿ ಇದ್ದಷ್ಟೂ ಹೊಸದು ಸುಲಭ. ಆರಂಭದ ದಿನಗಳಲ್ಲಿ ಓದು ಭಾರ ಅನಿಸುವುದಕ್ಕೆ ಇದೂ ಒಂದು ಕಾರಣ. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಲ್ಪಾವಧಿಯಿಂದ ದೀರ್ಘಾವಧಿಗೆ ದಾಟಿಸುವ ಕೆಲಸದಲ್ಲಿ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಪಾತ್ರ ದೊಡ್ಡದು. ಕಿವಿಯ ನೇರಕ್ಕೆ ತಲೆಯ ಒಳಗೆ, ಎರಡೂ ಬದಿ ಒಂದೊಂದು ಇರುತ್ತದೆ. ಇದು ಗೊತ್ತಾದ ಬಗೆ ಮಾತ್ರ ಸಂಕಟದ್ದು. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ತೀವ್ರ ಅಪಸ್ಮಾರ ಇತ್ತು. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ಶಸ್ತ್ರಚಿಕಿತ್ಸೆ ಮಾಡಿ ಎರಡೂ ಬದಿಯ ಆ ಭಾಗದ ಬಹುಪಾಲನ್ನು ತೆಗೆದರು. ಅಪಸ್ಮಾರ ತಗ್ಗಿತು. ಆದರೆ ಅಲ್ಲಿಂದ ಮುಂದೆ ಹೊಸ ಸಂಗತಿ ಯಾವುದೂ ಅವನ ತಲೆಯಲ್ಲಿ ನಿಲ್ಲಲಿಲ್ಲ. ಬಾಲ್ಯದ ನೆನಪು ಇತ್ತು. ಈಗ ತಾನೇ ಮಾತಾಡಿ ಹೋದವರು ಮರಳಿ ಬಂದರೆ ಹೊಸಬರು. 2008ರಲ್ಲಿ ಸಾಯುವವರೆಗೂ ಹಾಗೇ ಇದ್ದ.

ಆದರೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಲು ಕೊಟ್ಟಾಗ ಬೇರೆಯೇ ಕಂಡಿತು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಕೇಳಿದರೆ, ಇದನ್ನು ನಾನು ಮಾಡಿಯೇ ಇಲ್ಲ ಅನ್ನುತ್ತಿದ್ದ! ಕೈಯ ನೆನಪು ಬೇರೆ, ಸಂಗತಿಯ ನೆನಪು ಬೇರೆ. ಸೈಕಲ್ ಮರೆಯುವುದಿಲ್ಲ, ಸಂವಿಧಾನದ ಕಲಂ ಮರೆಯುತ್ತದೆ ಅನ್ನುವವರಿಗೆ ಉತ್ತರ ಇಲ್ಲಿದೆ.

ದೀರ್ಘಾವಧಿ ನೆನಪು ಅಂದರೆ ನರಕೋಶಗಳ ನಡುವಿನ ಸಂಪರ್ಕ ಬದಲಾಗುವುದು. ಎರಿಕ್ ಕ್ಯಾಂಡೆಲ್ ಇದನ್ನು ಅಪ್ಲೀಸಿಯಾ ಎಂಬ ಸಮುದ್ರದ ಬಸವನಹುಳುವಿನಲ್ಲಿ ತೋರಿಸಿದರು, 2000ರಲ್ಲಿ ನೊಬೆಲ್ ಹಂಚಿಕೊಂಡರು. ದೀರ್ಘಕಾಲ ಉಳಿಯುವ ನೆನಪಿಗೆ ಕೋಶದೊಳಗೆ ಹೊಸ ಪ್ರೋಟೀನು ತಯಾರಾಗಬೇಕು. ಅದಕ್ಕೆ ಹೊತ್ತು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಎಷ್ಟೇ ಒತ್ತಾಯ ಮಾಡಿದರೂ ಅದು ಆತುರಪಡುವುದಿಲ್ಲ.

ಮರೆವು

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳ ಪುಸ್ತಕ ತಂದರು. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಸಮಯ ಉಳಿಯಿತು ಅಂತ ನೋಡುವುದು. 20 ನಿಮಿಷದ ನಂತರ ಉಳಿತಾಯ ಶೇ 58. ಒಂದು ತಾಸಿಗೆ ಶೇ 44. ಒಂದು ದಿನಕ್ಕೆ ಶೇ 34. ಆರು ದಿನಕ್ಕೆ ಶೇ 25. ಒಂದು ತಿಂಗಳಿಗೆ ಶೇ 21.

ಈ ಅಂಕಿಗಳನ್ನು ಎರಡು ಸಲ ನೋಡಿ. ಮೊದಲ ದಿನ ಧಡ್ ಅಂತ ಬೀಳುತ್ತದೆ. ಆಮೇಲೆ ಇಳಿಕೆ ನಿಧಾನ. ಅರ್ಥವಿರುವ ವಿಷಯ ಇಷ್ಟು ಬೇಗ ಹೋಗುವುದಿಲ್ಲ, ಆದರೆ ಗೆರೆಯ ಆಕಾರ ಹೆಚ್ಚು ಕಡಿಮೆ ಹೀಗೇ. ಹಾಗಾಗಿ ಮರುದಿನ ಮರೆತುಹೋಯಿತು ಅಂತ ಎದೆಗುಂದಬೇಡಿ. ಎಲ್ಲರ ತಲೆಯೂ ಅಷ್ಟೇ.

ಇನ್ನೊಂದು ವಿಷಯ. ಮರೆತದ್ದೆಲ್ಲ ಅಳಿಸಿಹೋಗಿರುವುದಿಲ್ಲ. ಬಹಳ ಸಲ ಒಳಗೇ ಇರುತ್ತದೆ, ಸಿಗುವುದಿಲ್ಲ. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಶೇಂಗಾ ಚೀಲ ಇಳಿಸಿ ಚೀಟಿ ಹಚ್ಚದೆ ಬಂದರೆ ಏನಾಗುತ್ತದೋ ಹಾಗೆ: ಮಾಲು ಅಲ್ಲೇ ಇದೆ, ನಿಮ್ಮದು ಯಾವುದು ಅಂತ ಗೊತ್ತಾಗಲ್ಲ. ಒಂದು ಸುಳಿವು ಸಿಕ್ಕರೆ ತಟ್ಟನೆ ಬರುತ್ತದೆ. ಮುಂದಿನ ಹಂತಗಳಲ್ಲಿ ಅರ್ಧ ಕೆಲಸ ಈ ಚೀಟಿ ಹಚ್ಚುವುದೇ.

ಹಂತ 1: ಮೊಬೈಲ್ ದೂರ ಇಡಿ

ಇದಕ್ಕೆ ಜಾಸ್ತಿ ವಿವರಣೆ ಬೇಡ. ಗಮನ ಕೊಡದ್ದು ಒಳಗೇ ಹೋಗುವುದಿಲ್ಲ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು, ಬೇರೆ ಕೋಣೆಯಲ್ಲಿಡಿ. ಅರ್ಧ ತಾಸು ಓದಿ, ಐದು ನಿಮಿಷ ಎದ್ದು ಓಡಾಡಿ.

ಹಂತ 2: ಪಟ್ಟಿಗೆ ಅರ್ಥ ಕೊಡಿ

ಕರ್ನಾಟಕದ ಅಶೋಕನ ಶಾಸನಗಳನ್ನು ಗೈಡ್‌ನಲ್ಲಿ ಹೀಗೆ ಕೊಟ್ಟಿರುತ್ತಾರೆ: ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉಡೇಗೊಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಸನ್ನತಿ. ಒಂಬತ್ತು ಹೆಸರು. ಅಲ್ಪಾವಧಿ ನೆನಪಿಗೆ ಇದು ಹೊರೆ.

ಜಿಲ್ಲೆವಾರು ಕಟ್ಟಿ. ರಾಯಚೂರಿಗೆ ಮಸ್ಕಿ. ಕೊಪ್ಪಳಕ್ಕೆ ಗವಿಮಠ, ಪಾಲ್ಕಿಗುಂಡು. ಬಳ್ಳಾರಿಗೆ ನಿಟ್ಟೂರು, ಉಡೇಗೊಳ. ಚಿತ್ರದುರ್ಗಕ್ಕೆ ಮೂರು. ಕಲಬುರಗಿಗೆ ಸನ್ನತಿ. ಈಗ ಐದು ಗಂಟು. ಒಂದು, ಎರಡು, ಎರಡು, ಮೂರು, ಒಂದು.

ಕಟ್ಟಿದರಷ್ಟೇ ಸಾಲದು, "ಯಾಕೆ?" ಅಂತ ಕೇಳಿ. ಮಸ್ಕಿ ಶಾಸನ ಯಾಕೆ ಅಷ್ಟು ಪ್ರಸಿದ್ಧ? ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಕಂಡುಹಿಡಿದವರು ಯಾರು? 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಚಿನ್ನ ಹುಡುಕುವವನಿಗೆ ಈ ಕಡೆ ಏನು ಕೆಲಸ? ಹಟ್ಟಿ ಚಿನ್ನದ ಗಣಿ ಇರುವುದು ಇದೇ ಜಿಲ್ಲೆಯಲ್ಲಿ, ಚಿನ್ನದ ಸೀಮೆ ಇದು. ಈಗ ಮಸ್ಕಿ, 1915, ಎಂಜಿನಿಯರ್, ಚಿನ್ನ, ಅಶೋಕನ ಹೆಸರು, ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡವು. ಒಂದನ್ನು ಎಳೆದರೆ ಉಳಿದವು ಬರುತ್ತವೆ.

1975ರಲ್ಲಿ ಫರ್ಗಸ್ ಕ್ರೈಕ್ ಮತ್ತು ಎಂಡೆಲ್ ಟಲ್ವಿಂಗ್ ತೋರಿಸಿದ್ದು ಇದನ್ನೇ. ಪದ ದೊಡ್ಡಕ್ಷರದಲ್ಲಿದೆಯೇ ಅಂತ ನೋಡಿದವರಿಗಿಂತ, ಅದು ಒಂದು ವಾಕ್ಯಕ್ಕೆ ಹೊಂದುತ್ತದೆಯೇ ಅಂತ ಅರ್ಥ ಯೋಚಿಸಿದವರಿಗೆ ಆ ಪದ ಬಹಳ ಚೆನ್ನಾಗಿ ನೆನಪಿತ್ತು. ಅವರಿಗೆ ಮುಂದೆ ಪರೀಕ್ಷೆ ಇದೆ ಅಂತ ಹೇಳಿರಲೂ ಇಲ್ಲ.

ಹಂತ 3: ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ

ಈ ಬರಹದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನೇ ಪಾಲಿಸಿ. ಒಂದು ಸಲ ಓದಿ. ಮುಚ್ಚಿ. ನೆನಪಿದ್ದಷ್ಟೂ ಬರೆಯಿರಿ. ಇಣುಕಿ ನೋಡಬೇಡಿ. ಬರದಿದ್ದರೂ ಎರಡು ಮೂರು ನಿಮಿಷ ಒದ್ದಾಡಿ. ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ.

ನಮ್ಮ ಓಣಿಯ ಹುಡುಗನೊಬ್ಬ ಹೀಗೆ ಬರೆದ ಹಾಳೆ ನನ್ನ ಮುಂದಿದೆ. ಮಸ್ಕಿ ಸರಿ. ಪಾಲ್ಕಿಗುಂಡು ಸರಿ. 'ನಿಟ್ಟೂರು' ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು. ಉಡೇಗೊಳ ಪೂರ್ತಿ ಮಾಯ, ಅಲ್ಲಿ ಒಂದು ಉದ್ದ ಗೆರೆ ಎಳೆದಿದ್ದಾನೆ. ಸನ್ನತಿಯನ್ನು ಯಾದಗಿರಿಗೆ ಹಾಕಿದ್ದಾನೆ. ಎಲ್ಲಕ್ಕಿಂತ ಸ್ವಾರಸ್ಯದ ತಪ್ಪು: 'ಗವಿಮಠ – ರಾಯಚೂರು ಜಿಲ್ಲೆ'. ಅವನು ಕೊಪ್ಪಳದವನೇ! ಜಾತ್ರೆಗೆ ವರ್ಷವರ್ಷ ಹೋಗುವ ಜಾಗ. ತಪ್ಪು ಬಂದದ್ದು ಅವನ ಮಾವನ ಕಾಲದ ಹಳೇ ಗೈಡ್‌ನಿಂದ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು.

ಈ ಹಾಳೆಯಿಂದ ಸಿಕ್ಕ ಲಾಭ ನೋಡಿ. ಎಲ್ಲಿ ತೂತು ಇದೆ ಅಂತ ಗೊತ್ತಾಯಿತು. ಅದೇ ಪುಟವನ್ನು ಸುಮ್ನೆ ನಾಲ್ಕು ಸಲ ಓದಿದ್ದರೆ ಎಲ್ಲವೂ ಗೊತ್ತಿದೆ ಅನಿಸುತ್ತಿತ್ತು. ಪರಿಚಯ ಇರುವುದಕ್ಕೂ ನೆನಪಿರುವುದಕ್ಕೂ ಬಹಳ ದೂರ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನು ಚೊಕ್ಕವಾಗಿ ಅಳೆದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ: ಶೇ 83, ಬರೆದವರದು ಶೇ 71. ಒಂದು ವಾರದ ನಂತರ ಓದಿದವರು ಶೇ 40ಕ್ಕೆ ಇಳಿದರು. ಬರೆದವರು ಶೇ 61ರಲ್ಲಿ ನಿಂತರು.

ಮೊದಲ ಐದು ನಿಮಿಷದ ಫಲಿತಾಂಶವೇ ನಮಗೆಲ್ಲ ಮೋಸ ಮಾಡುವುದು. ಓದಿದ ಸಂಜೆ ಎಲ್ಲ ಬರುತ್ತದೆ, ಆದ್ದರಿಂದ ಓದುವ ಕ್ರಮ ಸರಿಯಿದೆ ಅಂದುಕೊಳ್ಳುತ್ತೇವೆ. ನೋಡದೆ ಬರೆಯುವುದು ತ್ರಾಸ ಅನಿಸುತ್ತದೆ, ಬೇಜಾರು ಬರುತ್ತದೆ. ಆ ತ್ರಾಸವೇ ನೆನಪನ್ನು ಗಟ್ಟಿ ಮಾಡುವುದು.

ಒಂದು ಎಚ್ಚರ: ತಪ್ಪನ್ನು ಅಲ್ಲೇ ತಿದ್ದಿ. ನೆನಪು ಅಂದರೆ ಫೋಟೊ ಅಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವುದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ತುಣುಕು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. "ಅಪ್ಪಳಿಸಿದಾಗ" ಎಂದು ಕೇಳಿದವರಿಗೆ ಬಂದ ಉತ್ತರ ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು. "ತಾಗಿದಾಗ" ಎಂದು ಕೇಳಿದವರಿಗೆ 31.8. ಕೇಳುವ ಮಾತೇ ಉತ್ತರವನ್ನು ಬಾಗಿಸಿತು. ಗೆಳೆಯರ ಗುಂಪಿನಲ್ಲಿ ಯಾರೋ ಜೋರಾಗಿ, ಧೈರ್ಯವಾಗಿ ಹೇಳಿದ ತಪ್ಪು ಉತ್ತರವೂ ಹೀಗೇ ಒಳಗೆ ಕೂತುಬಿಡುತ್ತದೆ. "ಗ್ಯಾರಂಟಿ ಐತಿ" ಅನ್ನುವುದು ಸಾಕ್ಷಿಯಲ್ಲ.

ಹಂತ 4: ಮರೆಯಲು ಸ್ವಲ್ಪ ಬಿಟ್ಟು, ಮರೆಯುವ ಮೊದಲು ಹಿಡಿಯಿರಿ

ಒಂದೇ ದಿನ ಐದು ಸಲಕ್ಕಿಂತ ಐದು ದಿನದಲ್ಲಿ ಒಂದೊಂದು ಸಲ ಮೇಲು. ನಾನು ಹೇಳುವ ಲೆಕ್ಕ: ಓದಿದ ಸಂಜೆ, ಮರುದಿನ, ಮೂರು ದಿನ ಬಿಟ್ಟು, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು. ಇದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. 2008ರಲ್ಲಿ ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 1,300ಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ, ಪರೀಕ್ಷೆ ದೂರ ಇದ್ದಷ್ಟೂ ಪುನರಾವರ್ತನೆಯ ಅಂತರ ಹೆಚ್ಚಿದ್ದರೆ ಒಳ್ಳೆಯದು ಅಂತ ಕಂಡಿತು. ವಾರದಲ್ಲಿ ಪರೀಕ್ಷೆ ಇದ್ದರೆ ಒಂದೆರಡು ದಿನದ ಅಂತರ. ವರ್ಷ ಇದ್ದರೆ ಮೂರು ನಾಲ್ಕು ವಾರ.

ಇದನ್ನು ನೆನಪಿಟ್ಟು ಮಾಡುವುದು ಕಷ್ಟ, ಅದಕ್ಕೆ ಡಬ್ಬಿ ಬೇಕು. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1972ರಲ್ಲಿ ಜರ್ಮನ್ ಭಾಷೆಯಲ್ಲಿ ಈ ಉಪಾಯ ಬರೆದರು. ಖರ್ಚಿಲ್ಲದೆ ಮಾಡುವುದು ಹೀಗೆ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ. ಒಂದು ಬದಿಗೆ ಬಿಳಿ ಹಾಳೆ ಅಂಟಿಸಿ ಪ್ರಶ್ನೆ ಬರೆಯಿರಿ, ಇನ್ನೊಂದು ಬದಿಗೆ ಉತ್ತರ. "ಸಂವಿಧಾನದ 371ಜೆ ಕಲಂ ಬಂದದ್ದು ಎಷ್ಟನೇ ತಿದ್ದುಪಡಿಯಲ್ಲಿ?" ಹಿಂದೆ: "98." ಒಂದು ಚೀಟಿಗೆ ಒಂದೇ ಪ್ರಶ್ನೆ. ಅರ್ಧ ಪುಟ ತುರುಕಬೇಡಿ.

ಮಿಠಾಯಿ ಡಬ್ಬಿಯಲ್ಲಿ ರಟ್ಟಿನಿಂದ ನಾಲ್ಕು ಮನೆ ಮಾಡಿ. ಮೊದಲ ಮನೆ ದಿನಾ ತೆಗೆಯುವುದು. ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ತಿಂಗಳಿಗೊಮ್ಮೆ. ಉತ್ತರ ಸರಿಯಾದರೆ ಚೀಟಿ ಮುಂದಿನ ಮನೆಗೆ. ತಪ್ಪಿದರೆ ಎಲ್ಲಿದ್ದರೂ ಸೀದಾ ಮೊದಲ ಮನೆಗೆ. ಇಷ್ಟೇ. ಗೊತ್ತಿರುವುದರ ಮೇಲೆ ಸಮಯ ಹಾಳಾಗುವುದಿಲ್ಲ, ಗೊತ್ತಿಲ್ಲದ್ದು ತಪ್ಪಿಸಿಕೊಳ್ಳುವುದಿಲ್ಲ. ಮೊಬೈಲ್ ಆ್ಯಪ್‌ಗಳೂ ಇವೆ. ನನ್ನ ಆಯ್ಕೆ ಡಬ್ಬಿಯೇ, ಯಾಕೆ ಅಂತ ಹಂತ 1ರಲ್ಲಿ ಹೇಳಿದ್ದೇನೆ.

ಹಂತ 5: ಹೋಲುವುದನ್ನು ಎದುರುಬದುರು ಇಡಿ

ಮರೆವಿಗೆ ಸಮಯ ಒಂದೇ ಕಾರಣವಲ್ಲ. ಒಂದನ್ನೊಂದು ಹೋಲುವ ವಿಷಯಗಳು ಗುದ್ದಾಡುತ್ತವೆ. ಹಳೆಯದು ಹೊಸದಕ್ಕೆ ಅಡ್ಡ ಬರುತ್ತದೆ, ಗವಿಮಠದ ತಪ್ಪು ಅಂಥದ್ದು. ಹಂಪಿ ಬಳ್ಳಾರಿ ಜಿಲ್ಲೆ ಅಂತ ಓದಿ ಬೆಳೆದವರಿಗೆ 2021ರ ವಿಜಯನಗರ ಜಿಲ್ಲೆ ಇವತ್ತಿಗೂ ತಡವಾಗಿ ಹೊಳೆಯುತ್ತದೆ. 'ಹೈದರಾಬಾದ್ ಕರ್ನಾಟಕ' ಬಾಯಿಗೆ ಬರುತ್ತದೆ, 2019ರಿಂದ ಅದು ಕಲ್ಯಾಣ ಕರ್ನಾಟಕ.

ಇಂಥವಕ್ಕೆ ಮದ್ದು: ಎರಡನ್ನೂ ಒಂದೇ ಚೀಟಿಯಲ್ಲಿ 'ಮೊದಲು, ಈಗ, ಯಾವಾಗಿನಿಂದ' ಅಂತ ಬರೆಯುವುದು. ಅಶೋಕನ ಹೆಸರು ಮಸ್ಕಿಯಲ್ಲಿ ಮಾತ್ರ ಇದೆ ಅನ್ನುವುದೂ ಅರ್ಧ ಸತ್ಯ. ನಿಟ್ಟೂರು, ಉಡೇಗೊಳದಲ್ಲೂ ಇದೆ. ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಬಹು ಆಯ್ಕೆ ಪ್ರಶ್ನೆ ಮಾಡುವವರಿಗೆ ಇಂಥ ಜಾಗ ಬಲು ಇಷ್ಟ.

ಗಣಿತಕ್ಕೆ ಬೇರೆ ರೀತಿ. ಶೇಕಡಾ ಲೆಕ್ಕ ಇಪ್ಪತ್ತು, ಆಮೇಲೆ ಬಡ್ಡಿ ಇಪ್ಪತ್ತು, ಹಾಗೆ ಸಾಲಾಗಿ ಮಾಡಬೇಡಿ. ಕಲೆಸಿ ಮಾಡಿ. ಪರೀಕ್ಷೆಯಲ್ಲಿ ಯಾವ ಸೂತ್ರ ಅಂತ ಯಾರೂ ಹೇಳುವುದಿಲ್ಲ, ಆರಿಸುವ ಅಭ್ಯಾಸವೂ ಬೇಕು.

ಹಂತ 6: ನಿದ್ದೆ ಕೆಡಬೇಡಿ

1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳ ಮೇಲೆ ನೋಡಿದ್ದರು. ಕಲಿತ ಮೇಲೆ ಮಲಗಿದರೆ, ಎಚ್ಚರ ಇದ್ದುದಕ್ಕಿಂತ ಬಹಳ ಹೆಚ್ಚು ನೆನಪಿರುತ್ತಿತ್ತು. ನಿದ್ದೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಪಾಠವನ್ನು ಮತ್ತೆ ಓಡಿಸುತ್ತದೆ, ಮಿದುಳಿನ ಹೊರಪದರದಲ್ಲಿ ಅದು ನೆಲೆಗೊಳ್ಳಲು ನೆರವಾಗುತ್ತದೆ. ಬೆಳಗಿನ ಜಾವದ ಓದು ಒಳ್ಳೆಯದೋ ರಾತ್ರಿಯದೋ ಅನ್ನುವ ಜಗಳಕ್ಕೆ ನನ್ನ ಉತ್ತರ: ಯಾವುದರಲ್ಲಿ ನಿದ್ದೆ ಪೂರ್ತಿ ಆಗುತ್ತದೋ ಅದು. ರಾಯಚೂರಿನ ಏಪ್ರಿಲ್ ಸೆಕೆಗೆ ಮಾಳಿಗೆ ಮೇಲೆ ಮಲಗಿ ಐದಕ್ಕೆ ಏಳುವವರು, ಮಧ್ಯಾಹ್ನ ಒಂದು ಸಣ್ಣ ನಿದ್ದೆ ಮಾಡಿದರೆ ತಪ್ಪೇನಿಲ್ಲ.

ಹಂತ 7: ಹಾಡು, ಲಯ, ಅದರ ಮಿತಿ

ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಬುರ್ರಕಥೆ ಹಾಡುತ್ತಿದ್ದವರು. ಓದು ಬರಹ ಬಾರದು. ಕುಮಾರರಾಮನ ಕಥೆಯಂಥ ಉದ್ದುದ್ದ ಕಾವ್ಯಗಳನ್ನು ರಾತ್ರಿಯಿಡೀ ಹಾಡುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. 2014ರಲ್ಲಿ ತೀರಿಕೊಂಡರು. ಇಂಥ ನೆನಪಿನ ಹಿಂದೆ ಲಯ ಇದೆ, ಮತ್ತೆ ಮತ್ತೆ ಬರುವ ಸಾಲುಗಳಿವೆ, ಕಥೆಯ ಓಟ ಇದೆ, ಜನರ ಮುಂದೆ ಪ್ರತಿ ಸಲ ಹೊರಗೆ ತೆಗೆದ ಅಭ್ಯಾಸ ಇದೆ. ಹಂತ 3 ಅವರಿಗೆ ಬದುಕೇ ಆಗಿತ್ತು.

ನಾವು ಇದರಿಂದ ತೆಗೆದುಕೊಳ್ಳಬಹುದಾದದ್ದು, ಕ್ರಮ ಇರುವ ಪಟ್ಟಿಗಳಿಗೆ ಲಯ: ಮಗ್ಗಿ, ರಾಜವಂಶದ ಸಾಲು, ನದಿಯ ಉಪನದಿಗಳು. ಮಿತಿಯೂ ಇದೆ. ಲಯದಲ್ಲಿ ಕಲಿತದ್ದು ಮೊದಲಿಂದ ಹೊರಟರೆ ಮಾತ್ರ ಬರುತ್ತದೆ. ಹದಿಮೂರೆಂಟಲೆ ಎಷ್ಟು ಅಂತ ಥಟ್ಟನೆ ಕೇಳಿ ನೋಡಿ, ಬಹಳ ಮಂದಿ ಹದಿಮೂರೈದಲೆಯಿಂದ ಮನಸ್ಸಲ್ಲೇ ಓಡಿ ಬರುತ್ತಾರೆ. ಹಾಗಾಗಿ ನಡುನಡುವಿನಿಂದಲೂ ಕೇಳಿಕೊಳ್ಳಿ.

ಪರೀಕ್ಷೆಯ ಕೋಣೆಯಲ್ಲಿ

1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ ಪದಗಳನ್ನು ಕಲಿಸಿದರು. ನೀರಿನೊಳಗೆ ಕಲಿತವರಿಗೆ ನೀರಿನೊಳಗೇ, ದಡದಲ್ಲಿ ಕಲಿತವರಿಗೆ ದಡದಲ್ಲೇ ಹೆಚ್ಚು ನೆನಪಾಯಿತು. ಜಾಗವೂ ಒಂದು ಸುಳಿವು. ಒಂದೇ ಮೂಲೆಯಲ್ಲಿ ಕೂತು ಓದಿದ್ದು ಬೇರೆ ಊರಿನ ಪರೀಕ್ಷಾ ಕೇಂದ್ರದಲ್ಲಿ ಕೈಕೊಡಬಹುದು. ಅದಕ್ಕೇ ಜಾಗ ಬದಲಿಸುತ್ತ ಓದಿ: ಗ್ರಂಥಾಲಯ, ಮಾಳಿಗೆ, ಬಸ್ಸು.

ಉತ್ತರ ನಾಲಿಗೆ ತುದಿಯಲ್ಲಿದ್ದು ಬರದಿದ್ದರೆ ಅದರ ಜೊತೆ ಕುಸ್ತಿ ಬೇಡ. ತಪ್ಪು ಹೆಸರು ಪದೇಪದೇ ಬಂದು ಸರಿಯಾದದ್ದಕ್ಕೆ ಅಡ್ಡ ನಿಲ್ಲುತ್ತದೆ. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ. ಮರಳಿ ಬಂದಾಗ ಹೆಸರನ್ನು ಹುಡುಕದೆ ಸುತ್ತಲಿನದನ್ನು ನೆನೆಯಿರಿ. ಯಾವ ಜಿಲ್ಲೆ? ಯಾವ ಗಂಟಿನಲ್ಲಿತ್ತು? ಚೀಟಿಯಲ್ಲಿ ಎಲ್ಲಿ ಬರೆದಿದ್ದೆ?

ಆದರೂ ಬರದೆ ಹೋದದ್ದನ್ನು, ಹೊರಗೆ ಬಂದ ಮೇಲೆ ಯಾರನ್ನೂ ಕೇಳುವ ಮೊದಲು ಪ್ರಶ್ನೆಪತ್ರಿಕೆಯ ಮೇಲೆ ಸುತ್ತು ಹಾಕಿ. ಮನೆಗೆ ಹೋಗಿ ಪುಸ್ತಕದಲ್ಲಿ ಉತ್ತರ ನೋಡಿ ಚೀಟಿ ಬರೆಯಿರಿ, ಡಬ್ಬಿಯ ಮೊದಲ ಮನೆಗೆ ಹಾಕಿ.